ಮೇವಿನ ಮೆಕ್ಕೆಜೋಳಕ್ಕೆ ಸೈನಿಕ ಹುಳು: ಮೊದಲು ಸುಳಿ ನೋಡಿ, ಆಮೇಲೆ ಔಷಧಿ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ನಮಗೆ ಮೆಕ್ಕೆಜೋಳ ಕಾಳಿಗೂ ಬೇಕು, ಮೇವಿಗೂ ಬೇಕು. ಅದರ ಸುಳಿಯಲ್ಲಿ ಕುಳಿತು ತಿನ್ನುವ ಫಾಲ್ ಸೈನಿಕ ಹುಳು ನಮ್ಮ ನೆಲದ ಕೀಟವಲ್ಲ. ಅಮೆರಿಕ ಖಂಡದ ಈ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿತು. 2018ರ ಮೇ ತಿಂಗಳಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾಯಿತು. ಅಲ್ಲಿನ ಕೃಷಿ ಮಹಾವಿದ್ಯಾಲಯದ ಕೀಟಶಾಸ್ತ್ರಜ್ಞರು ಅದನ್ನು ಗುರುತಿಸಿದರು. ಇದರ ಪತಂಗ ಒಂದೇ ರಾತ್ರಿಗೆ 100 ಕಿ.ಮೀ. ವರೆಗೂ ಹಾರಬಲ್ಲದು.

ಕಾಳಿನ ಬೆಳೆಗೆ ಎಳೆಯದರಲ್ಲಿ ಔಷಧಿ ಹೊಡೆದರೆ ಕೊಯ್ಲಿಗೆ ಇನ್ನೂ ತಿಂಗಳುಗಳಿರುತ್ತವೆ. ಮೇವಿನ ಜೋಳವನ್ನಾದರೋ 60-70 ದಿನಕ್ಕೇ ಕೊಯ್ದು ದನದ ಮುಂದೆ ಹಾಕುತ್ತೇವೆ. ಸುಳಿಗೆ ಸುರಿದದ್ದು ದನದ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಹಾಲಿಗೂ ಬರಬಹುದು. ಹುಳು ತಿಂದು ತೂತಾದ ಹಸಿರೆಲೆಯಿಂದ ದನಕ್ಕೆ ಅಪಾಯವಿಲ್ಲ. ಅಪಾಯ ಇರುವುದು ಎಲೆಯ ಮೇಲಿನ ಔಷಧಿಯಲ್ಲಿ.

ಆದ್ದರಿಂದ ಹುಳು ಚಿಕ್ಕದಿರುವಾಗಲೇ ಹಿಡಿಯಬೇಕು. ಬಿತ್ತಿದ ಹತ್ತನೇ ದಿನದಿಂದ ವಾರಕ್ಕೆ ಎರಡು ಸಲ ಬೆಳಿಗ್ಗೆ ಹೊಲದೊಳಗೆ ಅಂಕುಡೊಂಕಾಗಿ ನಡೆಯಿರಿ. ಐದು ಕಡೆ ನಿಂತು, ಒಂದೊಂದು ಕಡೆ 20 ಗಿಡಗಳ ಸುಳಿ ಬಿಡಿಸಿ ನೋಡಿ. ಬದುವಿನ ಮೇಲೆ ನಿಂತು ನೋಡಿದರೆ ಏನೂ ತಿಳಿಯದು. ಎಲೆ ಕೆರೆದು ಕಾಗದದಂತೆ ಬಿಳಿಚಿದ್ದರೆ ಮರಿಹುಳು ಬಂದಿದೆ ಎಂದರ್ಥ. ಸುಳಿಯಲ್ಲಿ ಒದ್ದೆ ಮರದ ಪುಡಿಯಂಥ ಲದ್ದಿ ತುಂಬಿದ್ದರೆ ಹುಳು ಬಲಿತಿದೆ. ಆಗ ಯಾವ ಔಷಧಿಯೂ ಒಳಗಿನ ಹುಳುವನ್ನು ಸುಲಭವಾಗಿ ಮುಟ್ಟದು. ಬಲಿತ ಹುಳುವಿನ ತಲೆಯ ಮೇಲೆ ಕವೆಗೋಲನ್ನು ತಲೆಕೆಳಗು ಮಾಡಿದಂಥ ಬಿಳಿ ಗೆರೆಯೂ, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳೂ ಇರುತ್ತವೆ.

ಪತಂಗ ಒಂದೊಂದು ಕಡೆ 100-200 ಮೊಟ್ಟೆ ಇಟ್ಟು ಮೇಲೆ ಬೂದು ಬಣ್ಣದ ನವಿರು ಹೊದಿಸುತ್ತದೆ. ಎರಡು-ಮೂರು ದಿನಕ್ಕೆ ಮರಿ ಹೊರಡುತ್ತದೆ. ಇಂಥ ಒಂದು ಗುಂಪನ್ನು ಬೆರಳಲ್ಲಿ ಹೊಸಕಿದರೆ ನೂರಾರು ಹುಳು ಅಲ್ಲಿಗೇ ಮುಗಿದವು. ಮನೆಯ ಹೆಣ್ಣುಮಕ್ಕಳು ಕಳೆ ತೆಗೆಯುವಾಗ ಈ ಕೆಲಸವನ್ನೂ ಮಾಡಬಲ್ಲರು. ಅವರ ಕಣ್ಣು ನಮಗಿಂತ ಚುರುಕು.

ಎಳೆ ಬೆಳೆಯಲ್ಲಿ ನೂರಕ್ಕೆ ಐದು ಗಿಡಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಬೇವಿನ ಬೀಜದ ಕಷಾಯ ಹೊಡೆಯಿರಿ. ಲೀಟರಿಗೆ 50 ಗ್ರಾಂ ಬೀಜದ ತಿರುಳನ್ನು ಪುಡಿ ಮಾಡಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸಂಜೆ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಬೇಕು. ಎಕರೆಗೆ ಐದು ಮೋಹಕ ಬಲೆ ಕಟ್ಟಿದರೆ ಪತಂಗ ಬಂದದ್ದು ಮೊದಲೇ ಗೊತ್ತಾಗುತ್ತದೆ. ಸಾಲುಗಳ ನಡುವೆ ಅಲಸಂದೆ ಹಾಕಿದರೆ ಹುಳುವಿನ ಶತ್ರು ಕೀಟಗಳಿಗೆ ಆಸರೆ, ದನಕ್ಕೆ ಸಸಾರಜನಕದ ಮೇವು. ಕೆಲವರು ಸುಳಿಗೆ ಮರಳು ಹಾಕುತ್ತಾರೆ. ಕಾಳಿನ ಬೆಳೆಗೆ ಅದು ಸರಿ, ಮೇವಿಗೆ ಬೇಡ.

ರಾಸಾಯನಿಕ ಹೊಡೆಯಲೇಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಸಿಂಪಡಿಸಿದ ಎಷ್ಟು ದಿನಕ್ಕೆ ಮೇವು ಕೊಯ್ಯಬಹುದೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಸಿಂಪಡಿಸಿದ ದಿನಾಂಕವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ. ಆ ಅವಧಿಯಲ್ಲಿ ಬದುವಿನ ಹುಲ್ಲನ್ನೂ ಕೊಯ್ಯಬೇಡಿ.

ಇನ್ನೊಂದು ಮಾತು, ಇದನ್ನು ಮರೆಯಲೇಬಾರದು. ಬಲಿತ ಹುಳುವಿಗೆ ಅಕ್ಕಿ ತೌಡು, ಬೆಲ್ಲ ಕಲಸಿ ಹುಳಿಬರಿಸಿ ಕೀಟನಾಶಕ ಬೆರೆಸುವ ವಿಷ ಪಾಷಾಣವಿದೆ. ತೌಡು, ಬೆಲ್ಲದ ವಾಸನೆಗೆ ಹುಳುವಿಗಿಂತ ಮೊದಲು ಓಡಿ ಬರುವುದು ನಮ್ಮ ದನ. ಅದನ್ನು ಮೇವಿನ ಬೆಳೆಗೆ ಹಾಕಲೇಬೇಡಿ. ಕಾಳಿನ ಹೊಲಕ್ಕೆ ಹಾಕುವುದಾದರೆ ಕೊಟ್ಟಿಗೆಯ ಬಕೆಟ್ಟಿನಲ್ಲಿ ಕಲಸಬೇಡಿ, ಉಳಿದದ್ದನ್ನು ಹೂತುಬಿಡಿ. ದನ ಜೊಲ್ಲು ಸುರಿಸುತ್ತ ನಡುಗತೊಡಗಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ, ಔಷಧಿಯ ಡಬ್ಬಿ ತೋರಿಸಿ.

ನಿಮ್ಮ ಸುಳಿಯಲ್ಲಿ ಹುಳು ಕಂಡರೆ ಮರುದಿನ ಬೆಳಿಗ್ಗೆ ಹಾಲು ಹಾಕಲು ಬಂದಾಗ ಡೇರಿಯಲ್ಲಿ ಹೇಳಿ. ಪಕ್ಕದ ಹೊಲದವರು ಅಂದೇ ತಮ್ಮ ಗಿಡ ನೋಡಿಕೊಳ್ಳಲಿ.