ಮಕ್ಕಳ ಕಣ್ಣು: ಯಾವ ವಯಸ್ಸಿನಲ್ಲಿ ತೋರಿಸಬೇಕು?



ಬೀಳಗಿಯಲ್ಲಿ ಜನಿಸಿದ ನೇತ್ರವೈದ್ಯ ಡಾ. ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿ ಲಕ್ಷಾಂತರ ಜನರ ಕಣ್ಣಿನ ಪೊರೆ ತೆಗೆದರು. ವೃದ್ಧರ ಪೊರೆಯನ್ನು ಕಬ್ಬಿನ ಹಂಗಾಮು ಮುಗಿದ ಮೇಲೆ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮಗುವಿನ ಕಣ್ಣು ಹಾಗೆ ಕಾಯುವುದಿಲ್ಲ. ನೋಡುವುದನ್ನು ಮೆದುಳು ಕಲಿಯಬೇಕು. ಆ ಕಲಿಕೆ ಬಹುಮಟ್ಟಿಗೆ ಏಳೆಂಟು ವರ್ಷಗಳೊಳಗೆ ಮುಗಿಯುತ್ತದೆ. ಅಷ್ಟರೊಳಗೆ ದೋಷ ಸರಿಪಡಿಸದಿದ್ದರೆ, ಮುಂದೆ ಕನ್ನಡಕ ಹಾಕಿದರೂ ಪೂರ್ಣ ದೃಷ್ಟಿ ಬಾರದಿರಬಹುದು. ಇದೇ ಮಂದದೃಷ್ಟಿ. ಹುಟ್ಟಿನಿಂದ ಮಸುಕಾಗಿಯೇ ಕಂಡ ಮಗು ತನಗೆ ಕಾಣದೆಂದು ಹೇಳಲಾರದು. ಆದುದರಿಂದ ಮಗು ದೂರು ಹೇಳಲೆಂದು ಕಾಯಬೇಡಿರಿ.

ಹುಟ್ಟಿದಾಗ: ಹೆರಿಗೆಯಾದ ಆಸ್ಪತ್ರೆಯಲ್ಲಿಯೇ ಶಿಶುವಿನ ಕಣ್ಣುಗಳನ್ನು ನೋಡಿಸಿರಿ. 34 ವಾರಗಳಿಗೆ ಮೊದಲೇ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಶಿಶುವಿನ ಅಕ್ಷಿಪಟಲವನ್ನು 30 ದಿನಗಳೊಳಗೆ ನೇತ್ರತಜ್ಞರು ಪರೀಕ್ಷಿಸಲೇಬೇಕು. ಬಾಣಂತನದ ನೆಪದಲ್ಲಿ ಈ ಅವಧಿ ಮೀರಬಾರದು.

ಮೂರು ತಿಂಗಳಲ್ಲಿ: ಮಗು ತಾಯಿಯ ಮುಖ ನೋಡಿ ನಗಬೇಕು, ಚಲಿಸುವ ವಸ್ತುವನ್ನು ಕಣ್ಣಿನಿಂದ ಹಿಂಬಾಲಿಸಬೇಕು. ಇಲ್ಲವಾದರೆ ವೈದ್ಯರಿಗೆ ತೋರಿಸಿರಿ.

ಒಂಬತ್ತು ತಿಂಗಳಲ್ಲಿ: ದಡಾರ-ರುಬೆಲ್ಲಾ ಲಸಿಕೆಯೊಡನೆ 'ಎ' ಜೀವಸತ್ವದ ಮೊದಲ ಗುಟುಕು ಹಾಕಿಸಿರಿ. ಐದು ವರ್ಷ ತುಂಬುವುದರೊಳಗೆ ಒಟ್ಟು 9 ಸಲ ಹಾಕಿಸಿದರೆ ಇರುಳುಗಣ್ಣು ತಪ್ಪುತ್ತದೆ.

ಮೂರು ವರ್ಷಕ್ಕೆ ಹಾಗೂ ಶಾಲೆಗೆ ಸೇರಿಸುವ ಮುನ್ನ: ಒಂದೊಂದೇ ಕಣ್ಣು ಮುಚ್ಚಿ ದೃಷ್ಟಿ ಪರೀಕ್ಷೆ ಮಾಡಿಸಿರಿ. ಮನೆಯಲ್ಲಿ ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದು, ಇನ್ನೊಂದನ್ನು ಮುಚ್ಚಿದಾಗ ಮಾತ್ರ ಮಗು ಕೈ ತಳ್ಳಿ ಅತ್ತರೆ ತಡಮಾಡಬೇಡಿರಿ.

ಶಾಲೆಯಲ್ಲಿ: ವರ್ಷಕ್ಕೊಮ್ಮೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತದೆ. ಕಬ್ಬು ಕಡಿಯಲು ಪರಸ್ಥಳಕ್ಕೆ ಹೋಗಿ ಆ ದಿನ ತಪ್ಪಿದರೆ, ಮರಳಿದೊಡನೆ ಮಗುವನ್ನು ಅಥಣಿಯ ತಾಲೂಕು ಆಸ್ಪತ್ರೆಗೆ ಕರೆತನ್ನಿರಿ.

ವಯಸ್ಸು ಯಾವುದೇ ಇರಲಿ, ಕಣ್ಣಿನ ಪಾಪೆ ಬೆಳ್ಳಗೆ ಹೊಳೆದರೆ ಕೂಡಲೇ ತೋರಿಸಿರಿ. ಅದು ಪೊರೆಯಾಗಿರಬಹುದು, ಪ್ರಾಣಕ್ಕೇ ಎರವಾಗುವ ಅರ್ಬುದವೂ ಆಗಿರಬಹುದು. ನಾಲ್ಕು ತಿಂಗಳ ನಂತರವೂ ಉಳಿಯುವ ಮೆಳ್ಳೆಗಣ್ಣು ಅದೃಷ್ಟದ ಗುರುತಲ್ಲ, ಚಿಕಿತ್ಸೆ ಬೇಕಾದ ದೋಷ.

ಕನ್ನಡಕ ಹಾಕಿದರೆ ಮಗಳಿಗೆ ಮುಂದೆ ವರ ಸಿಗುವುದಿಲ್ಲವೆಂದು ಪರೀಕ್ಷೆಯನ್ನೇ ಮುಂದೂಡುವ ತಂದೆತಾಯಿಗಳಿದ್ದಾರೆ. ಕನ್ನಡಕವನ್ನು ಎಂದಾದರೂ ತೆಗೆದಿಡಬಹುದು. ಕಳೆದ ಎಂಟು ವರ್ಷಗಳನ್ನು ಮರಳಿ ತರಲಾಗದು. ಮಗ, ಮಗಳೆಂಬ ಭೇದವೆಣಿಸದೆ ಇಬ್ಬರನ್ನೂ ಸಕಾಲದಲ್ಲಿ ಕರೆತನ್ನಿರಿ.