ಭೂಗತ ಗಣಿಗಾರಿಕೆ: ಅನುಮತಿಯ ಹಂತಗಳು, ಭೂಮಿಯ ಪುನಶ್ಚೇತನ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)



1. ಪೀಠಿಕೆ

ನುಗ್ಗೇಹಳ್ಳಿ ಮತ್ತು ಹೊಳೆನರಸೀಪುರ ಎಂಬ ಎರಡು ಪ್ರಾಚೀನ ಶಿಲಾಪಟ್ಟಿಗಳು ನಮ್ಮ ಜಿಲ್ಲೆಯಲ್ಲಿವೆ. ಸುಮಾರು 60 ಕಿ.ಮೀ. ಉದ್ದದ ನುಗ್ಗೇಹಳ್ಳಿ ಪಟ್ಟಿಯಲ್ಲಿ ಕ್ರೋಮೈಟ್ ಅದಿರು ದೊರೆಯುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ರಾಜ್ಯ ಸರ್ಕಾರಿ ಸ್ವಾಮ್ಯದ ಮೈಸೂರು ಮಿನರಲ್ಸ್ ಲಿಮಿಟೆಡ್ ಈ ಅದಿರನ್ನು ಭೂಗತ ವಿಧಾನದಲ್ಲಿ ತೆಗೆದಿದೆ. ಅದಿರು ಹೊರಹೋದರೂ ತ್ಯಾಜ್ಯ ಕಲ್ಲಿನ ಗುಡ್ಡೆ, ಗಣಿಬಾವಿ ಮತ್ತು ಅಂತರ್ಜಲದ ಪ್ರಶ್ನೆಗಳು ಗ್ರಾಮದಲ್ಲಿಯೇ ಉಳಿಯುತ್ತವೆ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸೈನೈಡ್ ಬಳಸಿ ಚಿನ್ನ ತೆಗೆದ ಮಣ್ಣಿನ ದಿಬ್ಬಗಳು ಇಂದಿಗೂ ಅಲ್ಲಿನ ಜನವಸತಿಯ ನಡುವೆ ನಿಂತಿವೆ. ಆದುದರಿಂದ ಗಣಿಯನ್ನು ಮುಚ್ಚುವ ಬಗೆಯನ್ನು ಅದನ್ನು ತೆರೆಯುವ ಮೊದಲೇ ನಿರ್ಧರಿಸಬೇಕು.

2. ಅನುಮತಿಯ ಹಂತಗಳು

ಕ್ರೋಮೈಟ್‌ನಂತಹ ಪ್ರಧಾನ ಖನಿಜಗಳಿಗೆ 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ ಅನ್ವಯಿಸುತ್ತದೆ. 2015ರ ತಿದ್ದುಪಡಿಯ ತರುವಾಯ ಗುತ್ತಿಗೆಯನ್ನು ಸಾಮಾನ್ಯವಾಗಿ ಹರಾಜಿನ ಮೂಲಕ, 50 ವರ್ಷಗಳ ಅವಧಿಗೆ ನೀಡಲಾಗುತ್ತದೆ. ಕಟ್ಟಡ ಕಲ್ಲಿನ ಕ್ವಾರಿಗಳು 1994ರ ಕರ್ನಾಟಕ ಉಪ ಖನಿಜ ರಿಯಾಯಿತಿ ನಿಯಮಗಳಿಗೆ ಒಳಪಡುತ್ತವೆ. ಈ ಎರಡನ್ನೂ ಒಂದೇ ಎಂದು ಭಾವಿಸಬಾರದು.

ಭೂಗತ ಗಣಿಗೆ ಮುಖ್ಯವಾಗಿ ಬೇಕಾದವು ಇವು:

ಅ) ಭಾರತೀಯ ಗಣಿ ಬ್ಯೂರೋ ಅನುಮೋದಿಸಿದ ಗಣಿ ಯೋಜನೆ;
ಆ) 2006ರ ಪರಿಸರ ಪರಿಣಾಮ ನಿರ್ಧರಣಾ ಅಧಿಸೂಚನೆಯಂತೆ ಪರಿಸರ ಅನುಮತಿ;
ಇ) ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ;
ಈ) ಅರಣ್ಯ ಭೂಮಿಯಾಗಿದ್ದಲ್ಲಿ ಅರಣ್ಯ ಅನುಮತಿ.

ಕಾರ್ಮಿಕರ ಸುರಕ್ಷತೆಯು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮೇಲ್ವಿಚಾರಣೆಗೆ ಒಳಪಟ್ಟಿದೆ.

3. ಸಾರ್ವಜನಿಕ ಅಹವಾಲು ಸಭೆ

ಸದಸ್ಯರು ವಿಶೇಷ ಗಮನ ನೀಡಬೇಕಾದ ಹಂತವಿದು. ಅಹವಾಲು ಸಭೆ ಅಗತ್ಯವಿರುವ ಯೋಜನೆಗಳಲ್ಲಿ ಸಾರ್ವಜನಿಕರಿಗೆ ಕನಿಷ್ಠ 30 ದಿನಗಳ ಸೂಚನೆ ನೀಡಬೇಕು. ಪರಿಣಾಮ ನಿರ್ಧರಣಾ ವರದಿಯ ಕರಡು ಸ್ಥಳೀಯ ಸಂಸ್ಥೆಗಳಲ್ಲಿಯೂ ಪರಿಶೀಲನೆಗೆ ದೊರೆಯಬೇಕು. ಸಭೆಗೆ ಕೋರಂ ಇಲ್ಲ. ಹತ್ತೇ ಜನ ಬಂದರೂ ಸಭೆ ಸಿಂಧುವಾಗುತ್ತದೆ. ಆದುದರಿಂದ ಸಭೆಗೆ ಹೋಗದಿರುವುದು ಪ್ರತಿಭಟನೆಯಾಗಿ ದಾಖಲಾಗುವುದಿಲ್ಲ, ಮೌನವಾಗಿಯೇ ಉಳಿಯುತ್ತದೆ. ನಡಾವಳಿಯನ್ನು ಸಭೆಯ ಕೊನೆಯಲ್ಲಿ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂದು ಅಧಿಸೂಚನೆಯೇ ವಿಧಿಸಿದೆ. ತಾವು ಎತ್ತಿದ ಅಂಶ ಬಿಟ್ಟುಹೋಗಿದ್ದರೆ ಅಲ್ಲಿಯೇ ಸೇರಿಸುವಂತೆ ಕೋರಬೇಕು. ಸಭೆಗೆ ಮುನ್ನ ಗ್ರಾಮ ಸಭೆ ಕರೆದು, ಕೊಳವೆಬಾವಿ, ಕೆರೆ, ಗೋಮಾಳ ಮತ್ತು ತೆಂಗಿನ ತೋಟಗಳ ಪಟ್ಟಿಯೊಡನೆ ಲಿಖಿತ ಅಭಿಪ್ರಾಯ ಸಿದ್ಧಪಡಿಸುವುದು ಸೂಕ್ತ.

4. ಗಣಿ ಮುಚ್ಚುವಿಕೆ ಮತ್ತು ಪುನಶ್ಚೇತನ

2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳ ಪ್ರಕಾರ ಗಣಿ ನಡೆಯುತ್ತಿರುವಾಗಲೇ ಹಂತಹಂತವಾಗಿ ಮುಚ್ಚುವ ಯೋಜನೆ ಇರಬೇಕು. ಅಂತಿಮ ಯೋಜನೆಯನ್ನು ಉದ್ದೇಶಿತ ಮುಚ್ಚುವಿಕೆಗೆ ಎರಡು ವರ್ಷ ಮುಂಚೆ ಸಲ್ಲಿಸಬೇಕು. ಆರ್ಥಿಕ ಭರವಸೆಯ ಮೊತ್ತವನ್ನು 2021ರ ತಿದ್ದುಪಡಿಯಲ್ಲಿ ಹೆಕ್ಟೇರಿಗೆ ‘ಎ’ ವರ್ಗದ ಗಣಿಗೆ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ, ‘ಬಿ’ ವರ್ಗಕ್ಕೆ 2 ಲಕ್ಷದಿಂದ 3 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಅಂತಿಮ ಯೋಜನೆಯನ್ನು ಅವಧಿಯೊಳಗೆ ಸಲ್ಲಿಸದಿದ್ದರೆ ಈ ಭರವಸೆಯನ್ನು ಅಥವಾ ಕಾರ್ಯನಿರ್ವಹಣಾ ಭದ್ರತೆಯನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು.

ಸರ್ವೋಚ್ಚ ನ್ಯಾಯಾಲಯವು 2020ರ ಜನವರಿ 8ರಂದು ನೀಡಿದ ಆದೇಶದಲ್ಲಿ, ಗಣಿಗಾರಿಕೆ ಮುಗಿದ ಭೂಮಿಯಲ್ಲಿ ಹುಲ್ಲು ಬೆಳೆಸಿ, ಮೇವು ಮತ್ತು ಸಸ್ಯಗಳು ಬೆಳೆಯಲು ಯೋಗ್ಯವಾದ ಸ್ಥಿತಿಗೆ ತರುವುದನ್ನು ಗುತ್ತಿಗೆಯ ಷರತ್ತಾಗಿಸಲು ಸೂಚಿಸಿತು. ಗೋಮಾಳವನ್ನೇ ನಂಬಿ ಹಸು, ಕುರಿ ಸಾಕುವ ಕುಟುಂಬಗಳಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೋಜನೆಯನ್ನು ಪರಿಶೀಲಿಸುವಾಗ ಈ ಅಂಶಗಳನ್ನು ನೋಡಬೇಕು:

ಅ) ಗಣಿಬಾವಿಯ ಬಾಯಿಗೆ ಶಾಶ್ವತ ಭದ್ರತೆ;
ಆ) ನೆಲ ಕುಸಿತ ತಡೆಯಲು ಒಳಗಿನ ಟೊಳ್ಳುಗಳ ಭರ್ತಿ;
ಇ) ತೆಗೆದಿರಿಸಿದ ಮೇಲ್ಮಣ್ಣಿನ ಮರುಬಳಕೆ;
ಈ) ತ್ಯಾಜ್ಯ ಗುಡ್ಡೆಯಿಂದ ಹರಿಯುವ ಮಳೆನೀರು ಕೆರೆ ಸೇರದಂತೆ ಕಾಲುವೆ ಮತ್ತು ತಡೆಗೋಡೆ.

ನೀರಿನ ಪರೀಕ್ಷೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಕ್ರೋಮೈಟ್‌ನಲ್ಲಿರುವ ಕ್ರೋಮಿಯಂ ಸುಲಭವಾಗಿ ಕರಗದು. ಆದರೆ ಕೆಲವು ಸನ್ನಿವೇಶಗಳಲ್ಲಿ ಅದು ನೀರಿನಲ್ಲಿ ಕರಗುವ, ವಿಷಕಾರಿಯಾದ ಷಟ್‌ವೇಲೆನ್ಸಿ ರೂಪಕ್ಕೆ ತಿರುಗಬಲ್ಲದು. ಅಲ್ಪ ಪ್ರಮಾಣದಲ್ಲಿದ್ದರೆ ಬಣ್ಣ, ರುಚಿಯಿಂದ ಅದು ತಿಳಿಯದು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ಗಣಿ ಆರಂಭಕ್ಕೆ ಮುನ್ನ ಮಾಡಿಸಿದ ಪರೀಕ್ಷಾ ವರದಿ ಪಂಚಾಯಿತಿಯ ಕಡತದಲ್ಲಿ ಇಲ್ಲದಿದ್ದರೆ, ಮುಂದೆ ನೀರು ಕೆಟ್ಟಾಗ ಕಾರಣವನ್ನು ಸಾಬೀತುಪಡಿಸುವುದು ಕಷ್ಟ.

5. ಜಿಲ್ಲಾ ಖನಿಜ ಪ್ರತಿಷ್ಠಾನ

ಗುತ್ತಿಗೆದಾರರು ರಾಜಧನದ ಜೊತೆಗೆ ಈ ಪ್ರತಿಷ್ಠಾನಕ್ಕೂ ವಂತಿಗೆ ನೀಡಬೇಕು. ಗಣಿಬಾಧಿತ ಗ್ರಾಮಗಳ ಕುಡಿಯುವ ನೀರು, ಆರೋಗ್ಯ ಮತ್ತು ಶಿಕ್ಷಣ ಈ ನಿಧಿಯ ಆದ್ಯತಾ ವಲಯಗಳು. ಗಣಿಯನ್ನು ಮುಚ್ಚಿ ನೆಲವನ್ನು ಸರಿಪಡಿಸುವುದು ಗುತ್ತಿಗೆದಾರರ ಹೊಣೆ. ಆ ವೆಚ್ಚವನ್ನು ಗ್ರಾಮದ ಪಾಲಿನ ನಿಧಿಗೆ ವರ್ಗಾಯಿಸುವ ಪ್ರಸ್ತಾವ ಬಂದಲ್ಲಿ ಸದಸ್ಯರು ಪ್ರಶ್ನಿಸಬೇಕು.

6. ಸದಸ್ಯರ ಸಭೆಯಲ್ಲಿ ಚರ್ಚೆಗೆ

1) ನಮ್ಮ ವ್ಯಾಪ್ತಿಯಲ್ಲಿ ಕೈಬಿಟ್ಟ ಗಣಿ ಅಥವಾ ಕ್ವಾರಿಗಳೆಷ್ಟು? ಅವುಗಳಿಗೆ ಬೇಲಿ ಇದೆಯೇ?
2) ಅವುಗಳ ಸಮೀಪದ ಕೊಳವೆಬಾವಿಗಳ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?
3) ಗುತ್ತಿಗೆ ಪ್ರದೇಶದಲ್ಲಿ ಗೋಮಾಳವೆಷ್ಟು? ಅದನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದು ಗ್ರಾಮ ಸಭೆ ನಿರ್ಣಯಿಸಿದೆಯೇ?

ಈ ಪ್ರಶ್ನೆಗಳಿಗೆ ದೊರೆತ ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿಡಬೇಕು. ಸದಸ್ಯರ ಅವಧಿ ಐದು ವರ್ಷ, ಗುತ್ತಿಗೆಯದು ಐವತ್ತು. ಮುಂದೆ ಬರುವ ಸದಸ್ಯರಿಗೆ ಆ ದಾಖಲೆಯೇ ಆಧಾರ.