ಕೊಳ್ಳುವುದು ಹಳೇ ದರಕ್ಕೆ, ಸಾಕುವುದು ಹೊಸ ದರಕ್ಕೆ

ಪ್ರಶ್ನೆ: ನಮ್ಮೂರು ಕೊಲ್ಹಾರ ಹತ್ತಿರದ ಮಸೂತಿ. ಒಕ್ಕಲುತನ ಮಾಡಿಕೊಂಡಿದ್ದೇನೆ, ವ್ಯವಹಾರಕ್ಕೆಂದು ಪುಣೆಗೆ ಆಗಾಗ ಹೋಗಿಬರುತ್ತೇನೆ. ಮನೆಯಲ್ಲಿ ಅವ್ವ, ಹೆಂಡತಿ, ಇಬ್ಬರು ಮಕ್ಕಳು. ಉದ್ದ ಡಿಕ್ಕಿಯ, ಜೋರಾಗಿ ಓಡುವ ಸ್ಟೇಷನ್ ವ್ಯಾಗನ್ ಕೊಳ್ಳಬೇಕೆಂಬುದು ಬಹಳ ದಿನದ ಆಸೆ. ಪುಣೆಯಲ್ಲಿರುವ ನಮ್ಮ ಭಾವ 2018ರ ವೋಲ್ವೋ ವಿ90 ಕ್ರಾಸ್ ಕಂಟ್ರಿ ಒಂದನ್ನು ನೋಡಿದ್ದಾರೆ. ಹೊಸದಕ್ಕೆ ಹೋಲಿಸಿದರೆ ಬಹಳ ಕಡಿಮೆ ಬೆಲೆ. ಕೊಳ್ಳಬಹುದೇ? ನಮ್ಮೂರಲ್ಲಿ ಇಟ್ಟುಕೊಂಡು ಸಾಕಲು ಆಗುತ್ತದೆಯೇ?
— ಓದುಗರು, ಮಸೂತಿ, ವಿಜಯಪುರ ಜಿಲ್ಲೆ

ಉತ್ತರ: ಮನೆಗೆ ಇದೊಂದೇ ಗಾಡಿ ಆಗುವುದಾದರೆ ಬೇಡ. ದಿನದ ಕೆಲಸಕ್ಕೆ ಬೇರೆ ಗಾಡಿ ಇದ್ದು, ಕೊಳ್ಳುವ ಹಣದ ಅರ್ಧದಷ್ಟು ಮೊತ್ತವನ್ನು ಬ್ಯಾಂಕಿನಲ್ಲಿ ಮುಟ್ಟದೆ ಬೇರೆಯಾಗಿ ಇಡಲು ಸಾಧ್ಯವಿದ್ದರೆ ಖಂಡಿತ ಯೋಚಿಸಿ. ಏಕೆಂದರೆ ನಿಮ್ಮ ಆಯ್ಕೆಯಲ್ಲಿ ತಪ್ಪಿಲ್ಲ. ಸಂಸಾರವನ್ನೂ ಸಾಮಾನನ್ನೂ ಹೊತ್ತು ವೇಗವಾಗಿ, ನೆಲಕ್ಕೆ ಅಂಟಿಕೊಂಡು ಓಡುವ ವಿಷಯದಲ್ಲಿ ಈ ಜಾತಿಯ ಗಾಡಿಗೆ ಸಮನಾದುದು ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಷ್ಟೇ ಸಾಮಾನು ಹಿಡಿಯುವ ಎಸ್‌ಯುವಿ ತಿರುವಿನಲ್ಲಿ ವಾಲುತ್ತದೆ. ಇದು ವಾಲುವುದು ಕಡಿಮೆ.

ಯುರೋಪಿನಲ್ಲಿ ಈ ಗಾಡಿಗಳಿಗೆ ದೊಡ್ಡ ಚರಿತ್ರೆಯೇ ಇದೆ. 1994ರಲ್ಲಿ ವೋಲ್ವೋ ತನ್ನ 850 ಎಸ್ಟೇಟ್ ಅನ್ನು ಬ್ರಿಟಿಷ್ ಟೂರಿಂಗ್ ಕಾರ್ ಪಂದ್ಯಾವಳಿಗೆ ಇಳಿಸಿತು. ಅದೇ ವರ್ಷ ಆಡಿ ಕಂಪನಿ ಪೋರ್ಶೆ ಜೊತೆ ಸೇರಿ 315 ಅಶ್ವಶಕ್ತಿಯ ಆರ್‌ಎಸ್2 ಅವಾಂಟ್ ಅನ್ನು ಹೊರತಂದಿತು. ನಮ್ಮ ದೇಶದಲ್ಲಿ ಮಾತ್ರ ಸ್ಟೇಷನ್ ವ್ಯಾಗನ್ ಬೇರೂರಲೇ ಇಲ್ಲ. 1.6 ಲೀಟರ್ ಎಂಜಿನ್ನಿನ ಮಾರುತಿ ಬಲೇನೊ ಆಲ್ಟುರಾ ಬಂತು, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂತು, ಎರಡೂ ಕೆಲವೇ ವರ್ಷಗಳಲ್ಲಿ ಹೋದವು. ಶ್ರೀಮಂತರಿಗೆಂದು 2015ರಲ್ಲಿ 560 ಅಶ್ವಶಕ್ತಿಯ ಆಡಿ ಆರ್‌ಎಸ್6 ಅವಾಂಟ್ 1.35 ಕೋಟಿ ರೂಪಾಯಿಗೆ, 2017ರಲ್ಲಿ ನೀವು ಕೇಳಿದ ವಿ90 ಕ್ರಾಸ್ ಕಂಟ್ರಿ 60 ಲಕ್ಷಕ್ಕೆ, 2018ರಲ್ಲಿ ಮರ್ಸಿಡಿಸ್ ಇ-ಕ್ಲಾಸ್ ಆಲ್-ಟೆರೇನ್ 75 ಲಕ್ಷಕ್ಕೆ ಬಂದವು. ಕೊಂಡವರು ಬೆರಳೆಣಿಕೆಯಷ್ಟು, ಈಗ ಅವರಿಂದ ಕೊಳ್ಳಲು ಬರುವವರು ಇನ್ನೂ ಕಡಿಮೆ. ಭಾವ ಹೇಳಿದ ಬೆಲೆ ಅಷ್ಟು ಇಳಿದಿರುವುದಕ್ಕೆ ಮುಖ್ಯ ಕಾರಣ ಇದೇ.

ಬೆಲೆ ಇಳಿಯಿತೆಂದು ಬಿಡಿಭಾಗದ ದರ ಇಳಿಯುವುದಿಲ್ಲ. ಇಡೀ ಲೆಕ್ಕಾಚಾರ ನಿಂತಿರುವುದು ಇಲ್ಲಿ. ಹೆಡ್‌ಲೈಟ್, ಟರ್ಬೊ, ಗೇರ್‌ಬಾಕ್ಸ್ ಎಲ್ಲದಕ್ಕೂ ಬಿಲ್ ಆಗುವುದು 60 ಲಕ್ಷದ ಗಾಡಿಯ ದರದಲ್ಲೇ. ವಿ90ಯಲ್ಲಿ ಒಂದು ಅನುಕೂಲವಿದೆ: ಅದರ ಎಂಜಿನ್, ಗೇರ್‌ಬಾಕ್ಸ್, ಚಾಸಿಯ ಬಹುಪಾಲು ಅಂಗಗಳು ಎಕ್ಸ್‌ಸಿ60, ಎಕ್ಸ್‌ಸಿ90ಗಳ ಬಳಗದವು. ಎಕ್ಸ್‌ಸಿ90 ಜೋಡಣೆ 2017ರಿಂದ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲೇ ನಡೆಯುತ್ತಿದೆ. ಹಾಗಾಗಿ ಓಡಿಸುವ ಭಾಗಗಳು ಹೇಗೋ ಸಿಗುತ್ತವೆ. ಹಿಂಬಾಗಿಲು, ಅದರ ಗಾಜು, ಹಿಂದಿನ ದೀಪಗಳು, ಹಿಂಬದಿಯ ತಗಡು ಮಾತ್ರ ವಿ90ಯವೇ ಆಗಬೇಕು. ಹೆದ್ದಾರಿಯಲ್ಲಿ ಹಿಂದಿನಿಂದ ಯಾವುದಾದರೂ ಟಿಪ್ಪರ್ ತಾಗಿದರೆ ಆ ಸಾಮಾನು ಸ್ವೀಡನ್ನಿನಿಂದ ಬರುವತನಕ ಗಾಡಿ ನಿಂತಲ್ಲೇ ನಿಂತಿರಬೇಕಾಗುತ್ತದೆ.

ವಿಮೆ ಇದೆಯಲ್ಲ ಎನ್ನಬಹುದು. ವಿಮಾ ಕಂಪನಿ ಗಾಡಿಗೆ ಕಟ್ಟುವ ಬೆಲೆಗೆ ಐಡಿವಿ ಎನ್ನುತ್ತಾರೆ, ಅದು ವರ್ಷವರ್ಷ ಇಳಿಯುತ್ತದೆ. ರಿಪೇರಿ ಖರ್ಚು ಈ ಐಡಿವಿಯ 75%ಗಿಂತ ಹೆಚ್ಚಾದರೆ ಗಾಡಿಯನ್ನು ಪೂರ್ತಿ ನಷ್ಟವೆಂದು ತೀರ್ಮಾನಿಸುತ್ತಾರೆ. ಹೊಸ ಗಾಡಿಯಲ್ಲಿ ಸಣ್ಣ ಕ್ಲೇಮ್ ಆಗುತ್ತಿದ್ದ ಪೆಟ್ಟು, ಐಡಿವಿ ಇಳಿದ ಹಳೇ ಗಾಡಿಯಲ್ಲಿ ಈ ಗೆರೆ ದಾಟಿಬಿಡಬಹುದು. ಬಿಡಿಭಾಗದ ಪೂರ್ತಿ ಹಣ ಕೊಡುವ ಝೀರೋ ಡಿಪ್ರಿಸಿಯೇಶನ್ ಸೌಲಭ್ಯ ಇಷ್ಟು ವಯಸ್ಸಾದ ಗಾಡಿಗೆ ಸಿಗುವುದು ಕಷ್ಟ. ಮಾರುವವರ ನೋ ಕ್ಲೇಮ್ ಬೋನಸ್ ಗಾಡಿಯ ಜೊತೆ ಬರುವುದಿಲ್ಲ. ಕೊಂಡ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಹಾಕಿ. ಹಾಕದಿದ್ದರೆ ನಿಮ್ಮ ಗಾಡಿಗಾದ ಹಾನಿಗೆ ಹಣ ಸಿಗದೆ ಹೋಗಬಹುದು.

ಇನ್ನು ತೆರಿಗೆ. ಪುಣೆಯ ಗಾಡಿ ಎಂದರೆ ಮಹಾರಾಷ್ಟ್ರದ ನಂಬರು. ಒಂದು ವರ್ಷ ಮೀರಿ ನಿಮ್ಮೂರಲ್ಲಿ ಇಟ್ಟುಕೊಳ್ಳುವುದಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು ವಿಜಯಪುರದ ಕೆಎ-28 ನಂಬರು ಮಾಡಿಸಲೇಬೇಕು, ಕರ್ನಾಟಕದ ಆಜೀವ ತೆರಿಗೆ ಕಟ್ಟಲೇಬೇಕು. ಈ ತೆರಿಗೆ ನೀವು ಕೊಟ್ಟ ಸೆಕೆಂಡ್ ಹ್ಯಾಂಡ್ ಬೆಲೆಯ ಮೇಲೆ ಬೀಳುವುದಿಲ್ಲ, ಗಾಡಿಯ ಮೂಲ ಬೆಲೆಯ ಮೇಲೆ ಬೀಳುತ್ತದೆ. 20 ಲಕ್ಷ ಮೀರಿದ ಗಾಡಿಗೆ ದರ 18%, ಅದರ ಮೇಲೆ ಸೆಸ್. 60 ಲಕ್ಷಕ್ಕೆ ಸೆಸ್ ಬಿಟ್ಟೇ ಲೆಕ್ಕ ಹಾಕಿದರೆ 10 ಲಕ್ಷ 80 ಸಾವಿರ. ವಯಸ್ಸಿಗೆ ತಕ್ಕಂತೆ ಕಡಿತ ಇದೆ, ನಿಜ. ಆದರೆ ತೆರಿಗೆ ಅರ್ಧಕ್ಕೆ ಇಳಿದರೂ 5 ಲಕ್ಷ ದಾಟಿತು. ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳಬಹುದು, ಅದಕ್ಕೆ ಓಡಾಟ ಬೇಕು. ಆದ್ದರಿಂದ ವಿಜಯಪುರ ಆರ್‌ಟಿಒ ಕಚೇರಿಯಲ್ಲಿ ಸರಿಯಾದ ಮೊತ್ತ ಕೇಳಿ ತಿಳಿದುಕೊಳ್ಳದೆ ಪುಣೆಯಲ್ಲಿ ಮುಂಗಡ ಕೊಡಬೇಡಿ. ಇದೇ ಮಾದರಿ ಬೆಂಗಳೂರಿನ ನಂಬರಿನಲ್ಲಿ ಸಿಕ್ಕರೆ, ಎರಡು ಮೂರು ಲಕ್ಷ ಹೆಚ್ಚು ಕೊಟ್ಟಾದರೂ ಅದನ್ನೇ ಕೊಳ್ಳಿ.

ಮಸೂತಿಯಲ್ಲಿ ಸಾಕುವ ಮಾತಿಗೆ ಬರೋಣ. ದಾರಿಯ ವಿಷಯದಲ್ಲಿ ನೀವು ಅದೃಷ್ಟವಂತರು. ಒಂದು ಮಗ್ಗುಲಲ್ಲಿ ಕೊಲ್ಹಾರ ದಾಟಿ ಹುಬ್ಬಳ್ಳಿಯತ್ತ ಹೋಗುವ ಹೆದ್ದಾರಿ, ಇನ್ನೊಂದು ಮಗ್ಗುಲಲ್ಲಿ ಆಲಮಟ್ಟಿ ಹಾಯ್ದು ಹೊಸಪೇಟೆಗೆ ಹೋಗುವ 50ನೇ ಹೆದ್ದಾರಿ. ಸೊಲ್ಲಾಪುರದ ಮೇಲೆ ಪುಣೆಗೆ ಹೋಗುವಾಗ 235 ಅಶ್ವಶಕ್ತಿಯ ಆ ಡೀಸೆಲ್ ಎಂಜಿನ್ ಎಷ್ಟು ಹಗುರವಾಗಿ ಓಡುತ್ತದೆ ಎಂಬುದನ್ನು ಓಡಿಸಿಯೇ ತಿಳಿಯಬೇಕು. ಹೆದ್ದಾರಿ ಬಿಟ್ಟು ಊರಿಗೆ ತಿರುಗಿದ ಮೇಲಿನ ಹಂಪುಗಳಿಗೂ ಹೆದರಬೇಕಿಲ್ಲ: ವಿ90 ಕ್ರಾಸ್ ಕಂಟ್ರಿಗೆ ನೆಲದಿಂದ 210 ಮಿಲಿಮೀಟರ್ ಎತ್ತರವಿದೆ. ಆರ್‌ಎಸ್6 ಅವಾಂಟ್ ಬಗ್ಗೆ ಕೇಳಿದ್ದರೆ ಅಲ್ಲೇ ಬೇಡ ಎನ್ನುತ್ತಿದ್ದೆ. ಅದರಲ್ಲೂ ಆಲ್-ಟೆರೇನ್‌ನಲ್ಲೂ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿರುತ್ತವೆ. ನಲವತ್ತು ಡಿಗ್ರಿಯ ನಿಮ್ಮ ಬೇಸಿಗೆಯಲ್ಲಿ ಹಳೇ ರಬ್ಬರ್ ಬಿರಿಯುತ್ತದೆ, ಸೋರುವ ಗಾಳಿಯನ್ನು ತುಂಬಿ ತುಂಬಿ ಕಂಪ್ರೆಸರ್ ಸುಡುತ್ತದೆ.

ಎರೆ ಮಣ್ಣು ಮಳೆಗಾಲದಲ್ಲಿ ಚಕ್ರದ ಗೂಡಿನಲ್ಲಿ ಮೆತ್ತಿಕೊಂಡು ಗಟ್ಟಿಯಾದರೆ ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಿತ್ತುಬರುತ್ತದೆ. ಒಣಗುವ ಮೊದಲೇ ತೊಳೆಯಿರಿ. ಬೇಸಿಗೆಯ ಧೂಳಿನ ಕಾಟ ಕಣ್ಣಿಗೆ ಕಾಣುವುದಿಲ್ಲ. ಮುಂಭಾಗದಲ್ಲಿ ಎಸಿ ಕಂಡೆನ್ಸರ್, ಟರ್ಬೊದ ಇಂಟರ್‌ಕೂಲರ್, ರೇಡಿಯೇಟರ್ ಒಂದರ ಹಿಂದೆ ಒಂದು ಒತ್ತಾಗಿ ಕೂತಿರುತ್ತವೆ. ಧೂಳು ಸೇರುವುದು ಅವುಗಳ ನಡುವೆ. ಹೊರಗಿನಿಂದ ಪ್ರೆಶರ್ ನೀರು ಹೊಡೆದರೆ ಫಿನ್ ಮಡಚಿಕೊಳ್ಳುತ್ತದೆ, ಧೂಳು ಇನ್ನೂ ಒಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬಿಚ್ಚಿಸಿ ಬೇರೆ ಬೇರೆಯಾಗಿ ಸ್ವಚ್ಛ ಮಾಡಿಸಬೇಕು. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅರ್ಧ ಅವಧಿಗೇ ಬದಲಿಸಿ. ಗಾಡಿಯನ್ನು ಕಣಿಕೆ ಬಣವೆ, ಜೋಳದ ಚೀಲ ಇರುವ ಕಡೆ ನಿಲ್ಲಿಸಬೇಡಿ. ಇಲಿ ಒಂದು ರಾತ್ರಿ ವೈರಿಂಗ್ ಕಡಿದರೆ ಯಾವ ವೈರು ಎಂದು ಹುಡುಕಲಿಕ್ಕೇ ದಿನಗಟ್ಟಲೆ ಬೇಕಾಗುತ್ತದೆ.

ನಿಜವಾದ ತೊಡಕು ಮಿಸ್ತ್ರಿಯದು. ಪುಣೆ, ಹೈದರಾಬಾದ್, ಬೆಂಗಳೂರು, ಎತ್ತ ಹೋದರೂ ನಿಮ್ಮೂರಿನಿಂದ ಮುನ್ನೂರು ಕಿಲೋಮೀಟರಿಗಿಂತ ದೂರ. ವಿಜಯಪುರದಲ್ಲಿ ಕೈ ಪಳಗಿದ ಮಿಸ್ತ್ರಿಗಳಿಗೆ ಕೊರತೆಯಿಲ್ಲ. ಬ್ರೇಕ್ ಪ್ಯಾಡ್, ಬುಶ್, ಲಿಂಕ್ ರಾಡ್‌ನಂಥ ಕೆಲಸಕ್ಕೆ ಸರಿಯಾದ ಸಾಮಾನು ತಂದುಕೊಟ್ಟರೆ ಅವರು ಚೆನ್ನಾಗಿಯೇ ಮಾಡುತ್ತಾರೆ. ಆದರೆ ಈ ಗಾಡಿಯ ಕಂಪ್ಯೂಟರಿನೊಡನೆ ಮಾತಾಡಲು ವೋಲ್ವೋದ್ದೇ ಸಾಫ್ಟ್‌ವೇರ್ ಬೇಕು. ನೀವು ಪುಣೆಗೆ ಹೋಗಿಬರುವವರಾದ್ದರಿಂದ ದೊಡ್ಡ ಕೆಲಸಗಳನ್ನು ಆ ಓಡಾಟಕ್ಕೆ ಹೊಂದಿಸಿಕೊಳ್ಳಬಹುದು. ನಿಮ್ಮ ಪರವಾಗಿ ಇರುವ ದೊಡ್ಡ ಅಂಶ ಇದು. ದಾರಿಯಲ್ಲಿ ಕೆಟ್ಟು ನಿಂತರೆ ಮಾತ್ರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಟೊಮ್ಯಾಟಿಕ್ ಗಾಡಿಯನ್ನು ಎಳೆದರೆ ಗೇರ್‌ಬಾಕ್ಸ್ ಹಾಳಾಗುತ್ತದೆ. ನಾಲ್ಕೂ ಚಕ್ರ ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ನಿಮ್ಮ ವಿಮೆಯ ರಸ್ತೆ ಸಹಾಯ ಎಷ್ಟು ಕಿಲೋಮೀಟರ್ ತನಕ ಉಚಿತವಾಗಿ ಸಾಗಿಸುತ್ತದೆ ಎಂದು ಮೊದಲೇ ಓದಿಕೊಳ್ಳಿ.

ಗಾಡಿ ನೋಡುವುದು ಹೇಗೆ? ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೈಬಣ್ಣಕ್ಕೆ ಮರುಳಾಗುವುದಿಲ್ಲ, ಹಲ್ಲು ನೋಡುತ್ತಾರೆ, ನಡೆಸಿ ನೋಡುತ್ತಾರೆ. ಭಾವನವರು ನೋಡಿ ಬಂದದ್ದು ಬಣ್ಣ, ಸೀಟು, ಮೀಟರ್ ಇರಬೇಕು. ಈಗ ಕೇಳಬೇಕಾದ್ದು ಟೈಮಿಂಗ್ ಬೆಲ್ಟ್ ಬದಲಿಸಿದ್ದಾರೆಯೇ ಎಂದು. ಈ ಎಂಜಿನ್ನಿಗೆ ಚೈನ್ ಇಲ್ಲ, ಬೆಲ್ಟ್ ಇದೆ. ಅದು ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ ಹೋಯಿತೆಂದೇ ಲೆಕ್ಕ. ಕಡಿಮೆ ಓಡಿದ ಗಾಡಿ ಎಂದು ಬೆಲ್ಟನ್ನು ಹಾಗೇ ಬಿಟ್ಟವರು ಬಹಳ. ರಬ್ಬರಿಗೆ ಓಡಿದ ದೂರದಷ್ಟೇ ವಯಸ್ಸೂ ಮುಖ್ಯ. ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಅಷ್ಟು ಹಣ ಬೆಲೆಯಲ್ಲಿ ಕಡಿಸಿಕೊಳ್ಳಿ. ಎರಡನೆಯದು, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಹ್ಯಾಲ್ಡೆಕ್ಸ್ ಕಪ್ಲಿಂಗಿನ ಎಣ್ಣೆ. ಅದರೊಳಗೆ ಪುಟ್ಟ ಪಂಪು, ಅದಕ್ಕೊಂದು ಜಾಲರಿ. ಜಾಲರಿ ಕಟ್ಟಿಕೊಂಡರೆ ಪಂಪು ಸುಡುತ್ತದೆ, ಹಿಂಚಕ್ರಗಳು ಸುಮ್ಮನೆ ಉರುಳುತ್ತವೆ. ಒಣ ಡಾಂಬರಿನ ಮೇಲೆ ಓಡಿಸಿದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ಗಾಡಿಯ ಆಯುಷ್ಯವಿಡೀ ಸಾಕು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ನಮ್ಮ ಬಿಸಿಲಿಗೆ ಬದಲಿಸುವುದೇ ಸರಿ. ಟೈರ್ ನಾಲ್ಕೂ ಒಂದೇ ಕಂಪನಿಯವೇ, ಒಂದೇ ಸಮ ಸವೆದಿವೆಯೇ ನೋಡಿ. ಎರಡು ಹೊಸದು, ಎರಡು ಹಳೆಯದಾದರೆ ಚಕ್ರಗಳ ಸುತ್ತಳತೆ ಹೊಂದದೆ ಅದೇ ಕಪ್ಲಿಂಗಿಗೆ ಪೆಟ್ಟು.

ಗಾಡಿ ಗಟ್ಟಿ ಇದ್ದರೂ ಬಿಡಿಭಾಗ ಸಿಗದೆ ಮೂಲೆ ಸೇರುವ ಕಥೆ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ಫೈಬರ್ ಮೈಯ ಡಾಲ್ಫಿನ್ ಮಾಡಿತು, ಅದು ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದಲ್ಲಿ ಬ್ರಿಟನ್ನಿನ ರೋವರ್ ಮಾಂಟೆಗೋವನ್ನು ಟರ್ಬೊ ಡೀಸೆಲ್ ಎಂಜಿನ್ನಿನೊಡನೆ ಇಲ್ಲೇ ಜೋಡಿಸಿ ಮಾರಿತು. ತಯಾರಿಕೆ ನಿಂತ ಮೇಲೆ ಆ ಗಾಡಿ ಉಳಿಸಿಕೊಂಡವರು ಸಾಮಾನಿಗಾಗಿ ವಿದೇಶದ ಕಡೆ ನೋಡಬೇಕಾಯಿತು. ಯಾರಾದರೂ ಹಳೇ ಆಕ್ಟೇವಿಯಾ ಕಾಂಬಿಯನ್ನು ಚಿಲ್ಲರೆ ಬೆಲೆಗೆ ಕೊಡುತ್ತೇನೆಂದರೂ ಇದನ್ನು ನೆನೆಯಿರಿ. ಅದರ 1.9 ಲೀಟರ್ ಡೀಸೆಲ್ ಎಂಜಿನ್ ಬಹಳ ಗಟ್ಟಿ ಜೀವ, ಆದರೆ ಆ ಗಾಡಿಗಳೆಲ್ಲ ಹದಿನೈದು ವರ್ಷ ದಾಟಿವೆ. ಐದೈದು ವರ್ಷಕ್ಕೊಮ್ಮೆ ಫಿಟ್ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು.

ನನ್ನ ಸಲಹೆ ಕೇಳುವುದಾದರೆ ನಿಮಗೆ ಒಪ್ಪುವ ಗಾಡಿ ಬೇರೆ ಇದೆ: 2013ರಿಂದೀಚೆಗೆ ಇಲ್ಲಿ ಮಾರಾಟವಾದ ಮೂರನೇ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ. ನೋಡಲು ಸೆಡಾನ್, ಆದರೆ ಡಿಕ್ಕಿಯ ಬಾಗಿಲು ಗಾಜಿನ ಸಮೇತ ಮೇಲೇಳುತ್ತದೆ. ಡಿಕ್ಕಿ 590 ಲೀಟರ್. ಉದ್ದನೆಯ ವಿ90ಯದ್ದು 560. ಹಿಂದಿನ ಸೀಟು ಮಡಚಿದರೆ ಡ್ರಿಪ್ ಪೈಪಿನ ಸುರುಳಿಗಳೂ ಹಿಡಿಯುತ್ತವೆ. 2 ಲೀಟರ್ ಡೀಸೆಲ್‌ಗೆ 143 ಅಶ್ವಶಕ್ತಿ. ಪುಣೆಯ ದಾರಿಗೆ ಅದು ಧಾರಾಳ. ಇದೇ ಬಳಗದ ಎಂಜಿನ್‌ಗಳು ಸೂಪರ್ಬ್, ಪಸಾಟ್, ಜೆಟ್ಟಾಗಳಲ್ಲೂ ಇದ್ದುದರಿಂದ ಹಳೇ ಸಾಮಾನು ಸಿಗುತ್ತದೆ, ಕೆಲಸ ಬಲ್ಲ ಖಾಸಗಿ ಗ್ಯಾರೇಜುಗಳೂ ಹೆಚ್ಚು.

ಇನ್ನೂ ವೇಗ ಬೇಕೆಂದರೆ 2017ರಲ್ಲಿ ಬಂದ 230 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್ ಇದೆ. ಅದಕ್ಕೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಆರು ಗೇರಿನ ಆಟೊಮ್ಯಾಟಿಕ್ ಡಿಎಸ್‌ಜಿ, 60,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಿದರೆ ಬಾಳಿಕೆ ಬರುತ್ತದೆ. ಸಾದಾ 1.8 ಪೆಟ್ರೋಲ್‌ನ ಒಣ ಕ್ಲಚ್ಚಿನ ಏಳು ಗೇರಿನ ಡಿಎಸ್‌ಜಿ ಬಿಸಿಲಿಗೆ ನಾಜೂಕು, ಅದನ್ನು ಬಿಡಿ. ಆರ್‌ಎಸ್ ತಗ್ಗು ಗಾಡಿ, ನಿಮ್ಮೂರ ಹಂಪುಗಳಲ್ಲಿ ಓರೆಯಾಗಿ ನಿಧಾನಕ್ಕೆ ದಾಟಿಸಬೇಕು. ಪೆಟ್ರೋಲ್ ಗಾಡಿಯಾದ್ದರಿಂದ ಇನ್ನೊಂದು ಮಾತು: ನಿಮ್ಮ ಜಿಲ್ಲೆಯಲ್ಲಿ ಬೆಳೆಯುವಂಥ ಕಬ್ಬಿನಿಂದ ತೆಗೆದ ಎಥನಾಲ್ ಈಗ ಬಂಕಿನ ಪೆಟ್ರೋಲಿನಲ್ಲಿ 20%ರಷ್ಟು ಸೇರುತ್ತದೆ, 2017ರ ಗಾಡಿಯ ರಬ್ಬರ್ ಸೀಲುಗಳನ್ನು ಅಷ್ಟಕ್ಕೆಂದು ಮಾಡಿದ್ದಲ್ಲ. ಇಂಧನದ ಪೈಪು, ಸೀಲುಗಳನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಇಷ್ಟು ಓದಿದ ಮೇಲೂ ಮನಸ್ಸು ವಿ90 ಮೇಲೆಯೇ ನಿಂತಿದ್ದರೆ ಭಾವನವರಿಂದ ಚಾಸಿ ನಂಬರು ತರಿಸಿ. ಅಧಿಕೃತ ಸರ್ವಿಸ್ ಸೆಂಟರಿನಿಂದ ಗಾಡಿಯ ಪೂರ್ತಿ ದಾಖಲೆ ತೆಗೆಸಲು ಮಾರುವವರನ್ನೇ ಕೇಳಿ. ಅವರು ಹಿಂಜರಿದರೆ ಅಲ್ಲಿಗೇ ಬಿಡಿ. ಆರ್‌ಸಿಯಲ್ಲಿ ಸಾಲದ ಹೈಪೋಥಿಕೇಶನ್ ಉಳಿದಿದೆಯೇ, ದಂಡ ಬಾಕಿ ಇದೆಯೇ ಎಂಬುದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಿ. ಗಾಡಿಯನ್ನು ಲಿಫ್ಟಿನ ಮೇಲೇರಿಸಿ ಅಡಿಭಾಗ ನೋಡಿಸಿ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ನೀವೇ ಎದುರು ನಿಂತು ಕೇಳಿ. ನಂತರ ಕನಿಷ್ಠ ಒಂದು ತಾಸು ಓಡಿಸಿ, ಆಮೇಲೆ ಗಾಡಿಯ ಕಂಪ್ಯೂಟರನ್ನು ಸ್ಕ್ಯಾನ್ ಮಾಡಿಸಿ. ಮೊದಲೇ ಅಳಿಸಿಟ್ಟ ದೋಷಗಳಲ್ಲಿ ಕೆಲವಾದರೂ ಅಷ್ಟರಲ್ಲಿ ಮರಳಿ ಬಂದಿರುತ್ತವೆ.